ಮಾರ್ಚ್‌ನಲ್ಲಿ ಕೊಟ್ಟ ದುಡ್ಡು, ಆಗಸ್ಟ್‌ನಲ್ಲಿ ಬಂದ ಕೀಬೋರ್ಡ್: ನಮ್ಮ ಎಕ್ಸ್‌ಟೆಂಡೆಡ್ ವಾರಂಟಿಯ ಕಥೆ

ಮೊದಲೇ ಹೇಳಿಬಿಡುತ್ತೇನೆ, ಇದು ಲ್ಯಾಪ್‌ಟಾಪಿನ ವಿಮರ್ಶೆ ಅಲ್ಲ. ಪ್ರೊಸೆಸರ್, ರ‍್ಯಾಮ್, ಸ್ಕ್ರೀನ್ ಎಲ್ಲಾ ನೀವು ಬೇಕಾದಷ್ಟು ಕಡೆ ನೋಡಿರುತ್ತೀರಿ. ಆ ಲ್ಯಾಪ್‌ಟಾಪಿನ ಜೊತೆ ದುಡ್ಡು ಕೊಟ್ಟು ಎರಡು ವರ್ಷದ ಎಕ್ಸ್‌ಟೆಂಡೆಡ್ ವಾರಂಟಿ ತಗೊಂಡಿದ್ದೆ. ಅದನ್ನು ತಗೊಳ್ಳಬೇಕಾ ಬೇಡವಾ ಅಂತ ಪರಿಚಯದವರು ಆಗಾಗ ಕೇಳುತ್ತಿರುತ್ತಾರೆ. ಪ್ರತಿಸಲ ಫೋನಿನಲ್ಲಿ ಹೇಳೋ ಬದಲು ಒಂದೇ ಸಲ ಬರೆದಿಡೋಣ ಅನ್ನಿಸಿತು.

ನಮ್ಮ ಮನೆ ಕೊಡಗಿನ ನಾಪೋಕ್ಲು ಹತ್ತಿರ. ನಾಲ್ಕು ಎಕರೆ ಕಾಫಿ, ಮರಗಳಿಗೆ ಮೆಣಸಿನ ಬಳ್ಳಿ. ಅದರ ಜೊತೆಗೆ ಅಕ್ಕಪಕ್ಕದ ಐದಾರು ತೋಟದವರ ಚೆಕ್‌ರೋಲ್ (ಆಳುಗಳ ಹಾಜರಿ, ಕೂಲಿಯ ಲೆಕ್ಕ), ಖರ್ಚುವೆಚ್ಚ ನಾನು ಬರೆಯುತ್ತೇನೆ. ಲ್ಯಾಪ್‌ಟಾಪ್ ಕೈಕೊಟ್ಟರೆ ಶನಿವಾರ ಕೂಲಿ ಬಟವಾಡೆ ನಿಲ್ಲುತ್ತದೆ. ಜನ ಗೇಟಿನ ಹತ್ತಿರ ಬಂದು ನಿಂತಿರುತ್ತಾರೆ.

ತಗೊಂಡಿದ್ದು 2021ರ ಮಾರ್ಚ್‌ನಲ್ಲಿ, ಮೈಸೂರಿನಲ್ಲಿ. ಕಾಫಿ ಮಾರಿ ಕೈಯಲ್ಲಿ ನಾಲ್ಕು ಕಾಸು ಇರೋ ತಿಂಗಳು ಅದೊಂದೇ. ಯಂತ್ರಕ್ಕೆ 54,000. ಬಿಲ್ ಮಾಡುವಾಗ ಅಂಗಡಿ ಹುಡುಗ, 'ಮೇಡಂ, ಇನ್ನೊಂದು ಐದು ಸಾವಿರ ಹಾಕಿದ್ರೆ ಮೂರು ವರ್ಷ ನಿಶ್ಚಿಂತೆ. ಮನೆಗೇ ಬರ್ತಾರೆ, ಮರುದಿನವೇ' ಅಂದ. ಐದು ಸಾವಿರ ಅಂದಿದ್ದು ಬಿಲ್ಲಿನಲ್ಲಿ 18 ಪರ್ಸೆಂಟ್ ಜಿಎಸ್‌ಟಿ ಸೇರಿ 5,900 ಆಯಿತು. 'ಮನೆಗೇ ಬರ್ತಾರೆ' ಅನ್ನೋ ಒಂದು ಮಾತಿಗೆ ನಾನು ಬಿದ್ದೆ. ಮಡಿಕೇರಿಯಿಂದ ಮೈಸೂರಿಗೇ ಸುಮಾರು 120 ಕಿಲೋಮೀಟರ್. ನಮ್ಮ ಮನೆಯಿಂದ ಮಡಿಕೇರಿಗೆ ಹೋಗೋದು ಬೇರೆ.

ಮನೆಗೆ ಬಂದು ಹೇಳಿದಾಗ ಅತ್ತೆ ಕೇಳಿದ್ದು ಒಂದೇ ಪ್ರಶ್ನೆ. 'ಹೊಸ ವಸ್ತು ಕೆಡುತ್ತೆ ಅಂತ ಮಾರೋನೇ ಹೇಳಿದ್ನಾ? ಹಾಗಾದ್ರೆ ಅದನ್ನ ಯಾಕೆ ತಂದೆ?' ಉತ್ತರ ನನ್ನ ಹತ್ತಿರ ಇರಲಿಲ್ಲ.

ಮೊದಲ ವರ್ಷ ಕಂಪನಿಯದ್ದೇ ವಾರಂಟಿ. ಏನೂ ಆಗಲಿಲ್ಲ. ನಾನು ಕೊಟ್ಟ ದುಡ್ಡಿನ ವಾರಂಟಿ ಶುರುವಾಗೋದೇ ಎರಡನೇ ವರ್ಷದಿಂದ. 2022ರ ಜುಲೈ ಕೊನೆಯಲ್ಲಿ, ಬಿಡದೆ ಸುರಿಯೋ ಮಳೆಯಲ್ಲಿ, ಕೀಬೋರ್ಡ್ ಕೆಟ್ಟಿತು. ಪೂರ್ತಿ ಕೆಟ್ಟಿದ್ದರೆ ಬೇಗ ಗೊತ್ತಾಗುತ್ತಿತ್ತು. 7 ಒಂದು ಸಲ ಒತ್ತಿದರೆ ಮೂರು ಬರುತ್ತಿತ್ತು. ಒಬ್ಬರ ವಾರದ ಕೂಲಿ ಇದ್ದಕ್ಕಿದ್ದಂತೆ ಸಾವಿರಗಟ್ಟಲೆ ಜಾಸ್ತಿ ಆದಾಗಲೇ ನನಗೆ ಗೊತ್ತಾಗಿದ್ದು. ಅವರೇ ತೋರಿಸಿ ನಕ್ಕರು, ಪುಣ್ಯಕ್ಕೆ.

ಫೋನ್ ಮಾಡಿದೆ. ಸೀರಿಯಲ್ ನಂಬರ್ ಕೊಟ್ಟೆ. ಆ ಕಡೆಯ ಹುಡುಗಿ ಪಿನ್‌ಕೋಡ್ ಕೇಳಿದಳು. ಹೇಳಿದೆ. ಸ್ವಲ್ಪ ಹೊತ್ತು ಹಾಡು ಕೇಳಿಸಿದರು. ಆಮೇಲೆ, 'ನಿಮ್ಮ ಪಿನ್‌ಕೋಡ್ ಆನ್‌ಸೈಟ್, ಅಂದ್ರೆ ಮನೆಗೇ ಬಂದು ರಿಪೇರಿ ಮಾಡೋ ಪಟ್ಟಿಯಲ್ಲಿ ಇಲ್ಲ ಮೇಡಂ, ಮೈಸೂರಿನ ಸರ್ವಿಸ್ ಸೆಂಟರಿಗೆ ತಗೊಂಡು ಬನ್ನಿ.'

ಮೈ ಉರಿದುಹೋಯಿತು. ಆನ್‌ಸೈಟ್ ಅಂತ ದುಡ್ಡು ತಗೊಂಡು, ಬಿಲ್ಲಿನಲ್ಲಿ ನನ್ನ ವಿಳಾಸ, ಪಿನ್‌ಕೋಡ್ ಎಲ್ಲಾ ಅವರೇ ಪ್ರಿಂಟ್ ಮಾಡಿಕೊಟ್ಟು, ಈಗ ಪಟ್ಟಿಯಲ್ಲಿ ಇಲ್ಲ ಅಂದರೆ? ಆ ರಾತ್ರಿ ವಾರಂಟಿ ಹಾಳೆಯನ್ನು ಮೊದಲ ಸಲ ಪೂರ್ತಿ ಓದಿದೆ. ಇರುವೆ ಸಾಲಿನಂಥ ಅಕ್ಷರ. 'ಮರುದಿನ' ಅಂದರೆ ದೂರು ಕೊಟ್ಟ ಮರುದಿನ ಅಲ್ಲ. ಅವರು ಫೋನಿನಲ್ಲೇ ಪರೀಕ್ಷೆ ಮಾಡಿ, ಪಾರ್ಟ್ ಬೇಕು ಅಂತ ತೀರ್ಮಾನ ಮಾಡಿ, ಆ ಪಾರ್ಟ್ ಬಂದ ಮೇಲಿನ ಕೆಲಸದ ದಿನ. ಅದೂ ಊರನ್ನು ನೋಡಿಕೊಂಡು. ಆದರೆ ನಮ್ಮ ಪಿನ್‌ಕೋಡ್ ಬಿಟ್ಟಿದ್ದೇವೆ ಅಂತ ಎಲ್ಲೂ ಇರಲಿಲ್ಲ.

ಮರುದಿನ ಬಿಲ್ಲಿನ ಫೋಟೋ ಹಾಕಿ ಮೇಲ್ ಮಾಡಿದೆ. ಪಿನ್‌ಕೋಡ್ ಇರೋ ಜಾಗಕ್ಕೆ ಕೆಂಪು ಸುತ್ತು ಹಾಕಿದೆ. ರಾಷ್ಟ್ರೀಯ ಗ್ರಾಹಕ ಸಹಾಯವಾಣಿ 1915ಕ್ಕೆ ಫೋನ್ ಮಾಡುತ್ತೇನೆ, ಅಲ್ಲೂ ಆಗದಿದ್ದರೆ ಜಿಲ್ಲಾ ಗ್ರಾಹಕರ ಆಯೋಗಕ್ಕೆ ಹೋಗುತ್ತೇನೆ ಅಂತ ಬರೆದೆ. ಸುಮ್ನೆ ಹೆದರಿಸಿದ್ದಲ್ಲ. ಐದು ಲಕ್ಷದವರೆಗಿನ ವಸ್ತುವಿನ ದೂರಿಗೆ ಆಯೋಗದಲ್ಲಿ ಶುಲ್ಕವೇ ಇಲ್ಲ, ವಕೀಲರೂ ಬೇಕೇಬೇಕು ಅಂತಿಲ್ಲ. ಎರಡು ದಿನ ಬಿಟ್ಟು ಫೋನ್ ಬಂತು. 'ಸ್ಪೆಷಲ್ ಕೇಸ್ ಅಂತ ಮಾಡಿದ್ದೇವೆ ಮೇಡಂ.' ಎಂಥ ಸ್ಪೆಷಲ್ಲೋ, ನಾನು ಕೊಟ್ಟ ದುಡ್ಡಿಗೆ!

ಇಲ್ಲಿಗೆ ನಿಲ್ಲಿಸಿದ್ದರೆ ಈ ವಿಮರ್ಶೆಗೆ ಒಂದೇ ಸ್ಟಾರ್. ಆದರೆ ಆಮೇಲೆ ರಿಪೇರಿಯ ಹುಡುಗ ಬಂದ.

ಬಂದಿದ್ದು ಆಗಸ್ಟ್ 3ಕ್ಕೆ, ದೂರು ಕೊಟ್ಟ ಹನ್ನೊಂದನೇ ದಿನ. ಬೆಳಿಗ್ಗೆ ಮೈಸೂರು ಬಿಟ್ಟು, ಮಡಿಕೇರಿಯಲ್ಲಿ ಬಸ್ ಬದಲಾಯಿಸಿ, ನಾಪೋಕ್ಲಿಗೆ ಬಂದು, ಅಲ್ಲಿಂದ ಆಟೋದಲ್ಲಿ. ತಾನು ಪೂರ್ತಿ ನೆಂದಿದ್ದ. ಆದರೆ ಕೀಬೋರ್ಡ್ ಇದ್ದ ಡಬ್ಬಿಗೆ ಎರಡು ಪ್ಲಾಸ್ಟಿಕ್ ಕವರ್ ಸುತ್ತಿ, ಎದೆಗೆ ಹಿಡಿದುಕೊಂಡು ಬಂದಿದ್ದ. ಟವೆಲ್ ಕೊಟ್ಟೆ. ಬಟ್ಟೆ ಒಣಗಿಸೋಕೆ ಇಟ್ಟಿದ್ದ ಅಗ್ಗಿಷ್ಟಿಕೆ ಹತ್ತಿರ ಕೂತು ಸ್ವಲ್ಪ ಬಿಸಿಯಾಗಿ, ಆಮೇಲೆ ಊಟದ ಟೇಬಲ್ ಮೇಲೆ ಕೆಲಸ ಶುರು ಮಾಡಿದ.

ಸ್ಕ್ರೂಗಳನ್ನು ಯಾವ ತೂತಿನಿಂದ ತೆಗೆದನೋ ಅದೇ ಲೆಕ್ಕದಲ್ಲಿ ಒಂದು ಬಿಳಿ ಹಾಳೆ ಮೇಲೆ ಸಾಲಾಗಿ ಇಟ್ಟ. ಕೆಳಗಿನ ಮುಚ್ಚಳ ಎದ್ದಿತು. ಒಳಗೆ ಎರಡು ಸತ್ತ ಇರುವೆ. ಕೀಬೋರ್ಡಿನ ಪಟ್ಟಿ ಸಿಕ್ಕಿಸುವ ಕಡೆ ತೆಳ್ಳಗೆ ಹಸಿರು, ಹಳೇ ಹಿತ್ತಾಳೆ ಚೊಂಬಿನ ಅಂಚಿಗೆ ಬರುತ್ತಲ್ಲ, ಹಾಗೆ. 'ನೀರು ಏನಾದ್ರೂ ಚೆಲ್ಲಿತ್ತಾ ಮೇಡಂ?' ಅಂದ. ಎದೆ ಧಸಕ್ಕೆಂದಿತು. ನೀರು ಬಿದ್ದಿದ್ದರೆ ವಾರಂಟಿ ಇಲ್ಲ, ಅದನ್ನಂತೂ ಓದಿಕೊಂಡಿದ್ದೆ. 'ಇಲ್ಲಿ ನೀರು ನಾವು ಚೆಲ್ಲೋದೇ ಬೇಡಪ್ಪ, ಗಾಳಿಯಲ್ಲೇ ಇದೆ' ಅಂದೆ. ಅವನು ನಕ್ಕು, ಟಾರ್ಚ್ ಬಿಟ್ಟು ಒಳಗಿದ್ದ ಒಂದು ಸಣ್ಣ ಬಿಳಿ ಚುಕ್ಕೆ ತೋರಿಸಿದ. ನೀರು ತಾಗಿದರೆ ಅದು ಕೆಂಪಗಾಗುತ್ತದಂತೆ. ನಮ್ಮದು ಬೆಳ್ಳಗೇ ಇತ್ತು. ಕೀಬೋರ್ಡ್ ಬದಲಾಯಿಸಿದ. ನನ್ನಿಂದ ಒಂದು ರೂಪಾಯಿ ತಗೊಳ್ಳಲಿಲ್ಲ.

ಅವತ್ತು ಕಕ್ಕಡ ಹದಿನೆಂಟು. ಕೊಡಗಿನವರಿಗೆ ಬಿಡಿಸಿ ಹೇಳಬೇಕಾಗಿಲ್ಲ. ಉಳಿದವರಿಗೆ: ಕಕ್ಕಡ ತಿಂಗಳ ಹದಿನೆಂಟನೇ ದಿನ, ಮದ್ದು ಸೊಪ್ಪು ಅನ್ನೋ ಗಿಡದ ಅಡುಗೆ ಮಾಡಿ ತಿನ್ನೋ ದಿನ. ಮದ್ದು ಸೊಪ್ಪಿನ ಪಾಯಸ ಮಾಡಿದ್ದೆವು, ಕಡು ನೇರಳೆ ಬಣ್ಣದ್ದು. ಅತ್ತೆ ದೊಡ್ಡ ಲೋಟದಲ್ಲಿ ಕೊಟ್ಟರು. ಹುಡುಗ ಚಪ್ಪರಿಸಿ ಕುಡಿದು ಇನ್ನೊಂದು ಲೋಟ ಕೇಳಿದ. ಹೇಳಬೇಕಾದ್ದನ್ನು ಹೇಳೋಕೆ ಇಬ್ಬರೂ ಮರೆತೆವು. ಮರುದಿನ ಬೆಳಿಗ್ಗೆ ಏಳಕ್ಕೆ ಫೋನ್. ಕೀಬೋರ್ಡ್ ಹೇಗಿದೆ ಅಂತ ಕೇಳೋಕೆ ಮಾಡಿದ್ದಾನೆ ಅಂದುಕೊಂಡೆ. ದನಿ ಸಣ್ಣಗಾಗಿತ್ತು. 'ಮೇಡಂ, ಒಂದು ವಿಷಯ... ನಿನ್ನೆ ಪಾಯಸಕ್ಕೆ ಏನು ಹಾಕಿದ್ರಿ?' ಮೂತ್ರ ಕೆಂಪಗೆ ಹೋಗಿದೆ, ಪಾಪ, ಗಾಬರಿಯಾಗಿ ಆಸ್ಪತ್ರೆಗೆ ಹೊರಟಿದ್ದ. ಮದ್ದು ಸೊಪ್ಪು ತಿಂದವರಿಗೆಲ್ಲಾ ಹಾಗೇ ಆಗುತ್ತೆ, ಏನೂ ಆಗಲ್ಲ ಅಂತ ಅತ್ತೆಯೇ ಫೋನ್ ಇಸ್ಕೊಂಡು ಸಮಾಧಾನ ಮಾಡಿದರು. ಅವತ್ತಿನಿಂದ ವಾರಂಟಿ ಬಗ್ಗೆ ಅವರೂ ಏನೂ ಹೇಳಿಲ್ಲ.

2023ರ ಸೆಪ್ಟೆಂಬರಿನಲ್ಲಿ ಚಾರ್ಜಿಂಗ್ ಜಾಗ ಸತ್ತಿತು. ಅದು ಮದರ್‌ಬೋರ್ಡಿಗೇ ಅಂಟಿಕೊಂಡಿರೋದು, ಬೋರ್ಡೇ ಬದಲಾಯಿಸಬೇಕು ಅಂದರು. ಹೊರಗಡೆ ವಿಚಾರಿಸಿದರೆ 18,000. ಈ ಸಲ ಪಿನ್‌ಕೋಡಿನ ಜಗಳ ಆಗಲಿಲ್ಲ, ಐದನೇ ದಿನ ಬಂದರು, ಬೇರೆಯವರು. ಪಾಯಸದ ಕಾಲವೂ ಮುಗಿದಿತ್ತು.

ಇನ್ನು ಕೈಬಿಟ್ಟ ಕಡೆಗಳು. ಬ್ಯಾಟರಿಗೆ ಒಂದೇ ವರ್ಷ. ವಾರಂಟಿ ಎಷ್ಟು ವರ್ಷಕ್ಕೆ ಎಳೆದರೂ ಬ್ಯಾಟರಿ ಸಾಮಾನ್ಯವಾಗಿ ಅದರ ಜೊತೆ ಬರೋದಿಲ್ಲ. ನಮ್ಮದು ಇಪ್ಪತ್ತನೇ ತಿಂಗಳಿಗೆ ಮಲಗಿತು, ಹೊಸದಕ್ಕೆ 3,800. ಅಡಾಪ್ಟರ್ ವೈರನ್ನು ಇಲಿ ಕಡಿಯಿತು. ಇಲಿಗೆ ಯಾವ ಕಂಪನಿಯೂ ಜವಾಬ್ದಾರಿ ತಗೊಳ್ಳೋದಿಲ್ಲ, ನ್ಯಾಯವೇ. ಸಿಡಿಲಿಗೂ ಇಲ್ಲ. ಒಳಗಿರುವ ಲೆಕ್ಕ, ಫೋಟೋಗಳಿಗೂ ಇಲ್ಲ. ಡಿಸ್ಕ್ ಬದಲಾದರೆ ಹಳೇದನ್ನು ಅವರೇ ತಗೊಂಡು ಹೋಗುವುದೂ ಉಂಟು. ನಾನು ಚೆಕ್‌ರೋಲನ್ನು ಪ್ರತಿ ಶನಿವಾರ ಪೆನ್‌ಡ್ರೈವಿಗೆ ಹಾಕಿಡುತ್ತೇನೆ.

ನಿಜ ಹೇಳಬೇಕೆಂದರೆ ಮದರ್‌ಬೋರ್ಡ್ ಆದಮೇಲೆ ಈ ಯಂತ್ರವನ್ನು ಕಾಪಾಡಿದ್ದು ಒಂದು ಬಲ್ಬು. ಕೀಬೋರ್ಡ್ ಹುಡುಗ ಹೋಗುವಾಗ 'ಇದನ್ನ ದಿನಾ ಆನ್ ಮಾಡಿ, ಮುಚ್ಚಿ ಮೂಲೇಲಿ ಇಡಬೇಡಿ, ತೇವ ಕೂರುತ್ತೆ' ಅಂದಿದ್ದ. ನಮ್ಮಲ್ಲಿ ರೇಷ್ಮೆ ಸೀರೆ, ಆಲ್ಬಮ್‌ಗಳಿಗೆ ಬೂಷ್ಟು ಹಿಡಿಯದ ಹಾಗೆ ಬೀರುವಿನೊಳಗೆ ಬಲ್ಬ್ ಉರಿಸಿಡುವುದು ಹಳೇ ಅಭ್ಯಾಸ. ಲ್ಯಾಪ್‌ಟಾಪಿಗೂ ಅಲ್ಲೇ ಮೇಲಿನ ಖಾನೆ ಬಿಟ್ಟುಕೊಟ್ಟೆ. ಜೂನ್ ಬಂದರೆ ಸಂಜೆ ಏಳಕ್ಕೆ ಕೆಲಸ ಮುಗಿಸಿ, ಹಳೇ ಪಂಚೆ ತುಂಡಿನಲ್ಲಿ ಒರೆಸಿ, ಮುಚ್ಚಳ ಒಂದು ಗೇಣು ತೆರೆದೇ ಒಳಗಿಡುತ್ತೇನೆ. ಕೆಳಗಿನ ಖಾನೆಯಲ್ಲಿ 40 ವ್ಯಾಟಿನ ಬಲ್ಬ್, ಬಟ್ಟೆಗೆ ತಾಗದ ಹಾಗೆ ತಂತಿಯ ಗೂಡು. ತಂತಿ ಸುರುಳಿಯ ಹಳೇ ಬಲ್ಬೇ ಆಗಬೇಕು. ಎಲ್‌ಇಡಿ ಹಾಕಿದರೆ ಬೆಳಕು ಬರುತ್ತೆ, ಬೇಕಾದಷ್ಟು ಬಿಸಿ ಬರೋದಿಲ್ಲ. ಶುಕ್ರವಾರ ಮಡಿಕೇರಿ ಸಂತೆಗೆ ಹೋದಾಗೆಲ್ಲ ಹಳೇ ಅಂಗಡಿಗಳಲ್ಲಿ ಆ ಬಲ್ಬ್ ಹುಡುಕೋದು ನನಗೊಂದು ಚಟವಾಗಿದೆ.

ಪಕ್ಕದಲ್ಲಿ ಒಂದು ಡಬ್ಬಿ ಸಿಲಿಕಾ ಜೆಲ್, ತೇವ ಹೀರೋ ಹರಳು. ಒಣಗಿದ್ದಾಗ ನೀಲಿ, ತೇವ ಕುಡಿದರೆ ಗುಲಾಬಿ. ಜುಲೈಯಲ್ಲಿ ನಾಲ್ಕೇ ದಿನಕ್ಕೆ ಗುಲಾಬಿ ಆಗುತ್ತದೆ. ಅದಕ್ಕೇ ಅಂತ ಇಟ್ಟ ಹಳೇ ಬಾಣಲೆಯಲ್ಲಿ ಹೊರಗಿನ ಒಲೆ ಮೇಲೆ ಸಣ್ಣ ಉರಿಯಲ್ಲಿ ಇಟ್ಟರೆ ನಿಧಾನಕ್ಕೆ ಮತ್ತೆ ನೀಲಿ ತಿರುಗುತ್ತದೆ. ಅಡುಗೆ ಪಾತ್ರೆಯಲ್ಲಿ ಮಾತ್ರ ಮಾಡಬೇಡಿ, ಆ ನೀಲಿ ಬಣ್ಣ ಒಳ್ಳೇದಲ್ಲ. ಬಣ್ಣ ಬದಲಾಗೋದನ್ನು ನೋಡುತ್ತಾ ಕೂರೋದು ನನಗೆ ಟಿವಿಗಿಂತ ಇಷ್ಟ.

ವಾರಂಟಿ 2024ರ ಮಾರ್ಚ್‌ಗೆ ಮುಗಿಯಿತು. ಯಂತ್ರ ಇನ್ನೂ ಓಡುತ್ತಿದೆ. 5,900 ಕೊಟ್ಟು ಒಂದು ಕೀಬೋರ್ಡ್, ಒಂದು ಬೋರ್ಡ್ ಬಂತು, ಲಾಭವೇ. ಆದರೆ ಎಲ್ಲರಿಗೂ ಹೀಗೇ ಆಗುತ್ತೆ ಅಂತಿಲ್ಲ. ಏನೂ ಕೆಡದೇ ಇರೋರೇ ಜಾಸ್ತಿ ಇರುತ್ತಾರೆ, ಇಲ್ಲದಿದ್ದರೆ ಕಂಪನಿ ಇದನ್ನು ಮಾರುತ್ತಿರಲಿಲ್ಲ ಅಲ್ವಾ? ಮೈಸೂರಿನಲ್ಲಿದ್ದು, ಸಂಬಳ ತಿಂಗಳು ತಿಂಗಳು ಬರುವ ನನ್ನ ತಮ್ಮನಿಗೆ ಬೇಡ ಅಂದೆ. ಕೆಟ್ಟರೆ ಆ ತಿಂಗಳ ಸಂಬಳದಲ್ಲಿ ಮಾಡಿಸಿಕೊಳ್ಳುತ್ತಾನೆ. ನಮ್ಮ ಲೆಕ್ಕ ಬೇರೆ. ದುಡ್ಡು ಬರೋದು ಮಾರ್ಚ್‌ನಲ್ಲಿ, ಯಂತ್ರ ಕೆಡೋದು ಮಳೆಗಾಲದಲ್ಲಿ. ಆಗಸ್ಟ್‌ನಲ್ಲಿ 18,000 ಹುಟ್ಟಿಸೋದು ಅಂದರೆ ಬರೋ ವರ್ಷದ ಕಾಫಿ ಮೇಲೆ ಸಾಲ ಎತ್ತಬೇಕು. ಕೈಯಲ್ಲಿ ಇದ್ದಾಗಲೇ ಮಳೆಗಾಲದ ರಿಪೇರಿಗೆ ಕಟ್ಟಿಟ್ಟ ಹಾಗೆ ಆಯಿತು.

2025ರಲ್ಲಿ ಮಗಳು ಇಂಜಿನಿಯರಿಂಗಿಗೆ ಮಂಗಳೂರಿಗೆ ಹೋದಳು. ಅವಳ ಲ್ಯಾಪ್‌ಟಾಪಿಗೂ ಅದೇ ಪ್ರಶ್ನೆ. ಈ ಸಲದ ಅಂಗಡಿಯವರು ತಮ್ಮದೇ ಒಂದು ಪ್ಲಾನ್ ಇದೆ, ಅಗ್ಗ ಅಂದರು. ಹಾಳೆ ಕೊಡಿ, ಓದಿ ಹೇಳ್ತೀನಿ ಅಂದೆ. ರಿಪೇರಿ ಆಗದಿದ್ದರೆ ಸವಕಲು, ಅಂದರೆ ಹಳೇದಾಗಿ ಇಳಿದ ಬೆಲೆ, ಕಳೆದು ಉಳಿದಿದ್ದಕ್ಕೆ ವೋಚರ್ ಅಂತಿತ್ತು. ವೋಚರ್ ಇಟ್ಟುಕೊಂಡು ಅವಳು ಪರೀಕ್ಷೆ ಬರೆಯೋಕಾಗುತ್ತಾ? ಬೇಡ ಅಂದೆ. ಅವಳು ಕೈಜಾರಿ ಬೀಳಿಸೋ ಜಾತಿ, ಮೊಬೈಲಿನ ಗಾಜು ಎರಡು ಸಲ ಒಡೆದಿದ್ದಾಳೆ. ಅದಕ್ಕೆ ಎಕ್ಸ್‌ಟೆಂಡೆಡ್ ವಾರಂಟಿ ಬಿಟ್ಟು, ಕಂಪನಿಯದ್ದೇ ಆಕ್ಸಿಡೆಂಟಲ್ ಡ್ಯಾಮೇಜ್ ಪ್ಲಾನ್ ತಗೊಂಡೆ. ಬಿದ್ದರೆ, ಚಹಾ ಚೆಲ್ಲಿದರೆ ಅದು ಮಾತ್ರ ನಡೆಯೋದು, ಲೆಕ್ಕವೂ ಮೊದಲ ದಿನದಿಂದಲೇ ಶುರು. ಪಿನ್‌ಕೋಡ್ ಕೇಳಿದಾಗ ಹಾಸ್ಟೆಲಿನದು ಕೊಟ್ಟೆ. ಅದು ಪಟ್ಟಿಯಲ್ಲಿದೆಯಾ ಅಂತ ಅವರ ಎದುರೇ ಕಂಪನಿಗೆ ಫೋನ್ ಮಾಡಿಸಿದೆ.

ಹಾಸ್ಟೆಲಿನಲ್ಲಿ ಕಪಾಟಿಗೆ ಬಲ್ಬ್ ಹಾಕೋಕೆ ಬಿಡೋದಿಲ್ಲವಂತೆ. ಹರಳಿನ ಡಬ್ಬಿ ಒಂದನ್ನು ತಗೊಂಡು ಹೋಗಿದ್ದಾಳೆ. ಗುಲಾಬಿ ಆದದ್ದನ್ನು ರಜೆಗೆ ಬರುವಾಗ ತಂದು, ನನ್ನ ಹಳೇ ಬಾಣಲೆಯಲ್ಲಿ ನೀಲಿ ಮಾಡಿಸಿಕೊಂಡು ಹೋಗುತ್ತಾಳೆ.