ಚಾಮರಾಜಪುರಂನ ಉಪ್ಪಿನಕಾಯಿ ಅಂಗಡಿ: ಅಪ್ಪೆಮಿಡಿ ಗೆದ್ದಿದೆ, ಬ್ಯಾಡಗಿ ಪುಡಿ ತಿದ್ದಿಕೊಳ್ಳಬೇಕಿದೆ

ಮೈಸೂರಿನ ಚಾಮರಾಜಪುರಂ ಕಡೆ ಉಪ್ಪಿನಕಾಯಿ, ಚಟ್ನಿಪುಡಿ, ಗೊಜ್ಜುಗಳನ್ನಷ್ಟೇ ಮಾರುವ ಪುಟ್ಟ ಅಂಗಡಿಯೊಂದಿದೆ. ಭೌಗೋಳಿಕ ಸೂಚಕದ ಮಾನ್ಯತೆ, ಅಂದರೆ ಒಂದು ಪ್ರದೇಶದ ವೈಶಿಷ್ಟ್ಯ ಹೊತ್ತ ಬೆಳೆಗೆ ಕಾನೂನಿನಡಿ ಸಿಗುವ ಜಿಐ ಟ್ಯಾಗ್ ಪಡೆದ ನಮ್ಮ ನಾಡಿನ ಬೆಳೆಗಳನ್ನು ಬಳಸಿಯೇ ಇವನ್ನು ತಯಾರಿಸುವುದಾಗಿ ಅಂಗಡಿಯವರು ಹೇಳುತ್ತಾರೆ. ಆ ಮಾತು ನಾಲಿಗೆಗೆ ಎಷ್ಟು ತಿಳಿಯುತ್ತದೆ ಎಂಬುದೇ ನನಗೆ ಮುಖ್ಯವಾದ ಪ್ರಶ್ನೆ.

ಅಪ್ಪೆಮಿಡಿ ಉಪ್ಪಿನಕಾಯಿಯ ಮಟ್ಟಿಗೆ ಉತ್ತರ ನಿಸ್ಸಂದೇಹವಾಗಿದೆ. ಮಲೆನಾಡಿನ ಹೊಳೆದಂಡೆಗಳಲ್ಲಿ ತಾನಾಗಿ ಬೆಳೆದ ಮರಗಳಿಂದ ಬರುವ ಈ ಎಳೆಯ ಮಾವಿನ ಮಿಡಿಯ ಜೀವವೆಲ್ಲ ಅದರ ಸೊನೆಯಲ್ಲಿದೆ. ತೊಟ್ಟು ಮುರಿದರೆ ಸೊನೆ ಸುರಿದುಹೋಗುತ್ತದೆ, ಸೊನೆಯೊಂದಿಗೆ ಪರಿಮಳವೂ ಹೋಗುತ್ತದೆ. ಆದ್ದರಿಂದಲೇ ಸಾಗರ, ಹೊಸನಗರದ ಕಡೆಯವರು ಮಿಡಿಯನ್ನು ನೆಲಕ್ಕೆ ಉದುರಿಸದೆ, ತೊಟ್ಟಿನ ಸಮೇತ ಜೋಪಾನವಾಗಿ ಕೊಯ್ದು, ಕಲ್ಲುಪ್ಪಿನಲ್ಲಿ ಹಾಕಿ, ಅದು ನೀರು ಬಿಟ್ಟು ಚೆನ್ನಾಗಿ ಸುಕ್ಕಾಗುವವರೆಗೆ ಕಾಯುತ್ತಾರೆ. ಈ ಅಂಗಡಿಯ ಬಾಟಲಿಯಲ್ಲಿದ್ದ ಮಿಡಿಗಳಿಗೆಲ್ಲ ಬೆರಳಲ್ಲಿ ಹಿಡಿಯುವಷ್ಟು ತೊಟ್ಟು ಉಳಿದಿತ್ತು. ತೊಟ್ಟು ಹಿಡಿದು ಕಚ್ಚಿದರೆ ಸಿಪ್ಪೆ ಕರಕರ ಎನ್ನುತ್ತದೆ, ಒಳಗಿನ ಎಳೆಯ ಓಟೆಯೂ ಹಲ್ಲಿಗೆ ಸಲೀಸಾಗಿ ಸಿಗುತ್ತದೆ, ಮೊದಲು ಹುಳಿ, ಅದರ ಹಿಂದೆಯೇ ಮೂಗಿಗೆ ಏರುವ ಸೊನೆಯ ಘಮ. ಮಸಾಲೆಗೆ ಹಸಿ ಸಾಸಿವೆಯನ್ನು ಹದವಾಗಿ ಅರೆದು ಹಾಕಿದ್ದಾರೆ. ಎಣ್ಣೆ ಸುರಿದು ಮಿಡಿಯನ್ನು ಮುಳುಗಿಸಿಲ್ಲ, ವಿನೆಗರ್‌ನ ವಾಸನೆಯೂ ಇಲ್ಲ. ಪೇಟೆಯ ಮಾವಿನಕಾಯಿ ಉಪ್ಪಿನಕಾಯಿಗಿಂತ ಬೆಲೆ ಹೆಚ್ಚೇ, ಆದರೆ ಮಿಡಿಯನ್ನು ಒಂದೊಂದಾಗಿ ಆರಿಸುವ ಕೆಲಸ ನೆನೆದರೆ ಅದನ್ನು ದುಬಾರಿಯೆನ್ನಲು ಮನಸ್ಸಾಗುವುದಿಲ್ಲ. ಮೊಸರನ್ನಕ್ಕೆ ಒಂದು ಮಿಡಿ ಸಾಕು.

ಚಟ್ನಿಪುಡಿಯ ವಿಷಯ ಬೇರೆ. ಹಾವೇರಿ ಜಿಲ್ಲೆಯ ಬ್ಯಾಡಗಿಯ ಹೆಸರು ಹೊತ್ತ ಮೆಣಸಿನಕಾಯಿಗೆ 2011ರಲ್ಲಿ ಜಿಐ ಮಾನ್ಯತೆ ದೊರೆಯಿತು. ಮೈಯೆಲ್ಲ ಸುಕ್ಕಿರುವ ಈ ಕಾಯಿಯ ಹೆಚ್ಚುಗಾರಿಕೆ ಅದರ ಗಾಢ ಕೆಂಪು ಬಣ್ಣ ಮತ್ತು ಹಿತವಾದ, ಕಡಿಮೆ ಖಾರ. ಅದರ ಎರಡು ಬಗೆಗಳಾದ ಕಡ್ಡಿಯಾಗಲಿ ಡಬ್ಬಿಯಾಗಲಿ, ಗಂಟಲು ಸುಡುವ ಜಾತಿಯಲ್ಲ. ಅಂಗಡಿಯ ಪುಡಿಯನ್ನು ಬಿಸಿ ಅನ್ನಕ್ಕೆ ತುಪ್ಪದೊಡನೆ ಕಲಸಿದಾಗ ಕಡಲೆಬೇಳೆ, ಉದ್ದಿನಬೇಳೆ, ಕೊಬ್ಬರಿಗಳ ಹುರಿದ ವಾಸನೆ ಸೊಗಸಾಗಿಯೇ ಬಂತು, ಹುಣಸೆ ಬೆಲ್ಲಗಳೂ ನಮ್ಮ ಮೈಸೂರು ಕಡೆಯ ಹದಕ್ಕೆ ಸರಿಯಾಗಿಯೇ ಇದ್ದವು, ಆದರೆ ಎರಡನೆಯ ತುತ್ತಿಗೇ ಗಂಟಲು ಹಿಡಿಯಿತು. ವಿಚಾರಿಸಿದಾಗ, ಖಾರ ಸಾಲದೆಂದು ಗಿರಾಕಿಗಳು ದೂರುವುದರಿಂದ ಗುಂಟೂರು ಕಾಯಿಯನ್ನೂ ಬೆರೆಸುತ್ತೇವೆಂದು ಅಂಗಡಿಯಾಕೆ ಮುಚ್ಚುಮರೆಯಿಲ್ಲದೆ ಹೇಳಿದರು. ಬೆರೆಸುವುದು ತಪ್ಪಲ್ಲ, ನಮ್ಮ ಮನೆಗಳಲ್ಲಿಯೂ ಬಣ್ಣಕ್ಕೊಂದು, ಖಾರಕ್ಕೊಂದು ಕಾಯಿ ಹಾಕುವ ರೂಢಿಯಿದೆ. ಆದರೆ ಪೊಟ್ಟಣದ ಮುಂಬದಿಯಲ್ಲಿ ಬ್ಯಾಡಗಿಯ ಹೆಸರನ್ನು ದಪ್ಪಕ್ಷರಗಳಲ್ಲಿ ಅಚ್ಚು ಹಾಕಿ, ಹಿಂಬದಿಯ ಪಟ್ಟಿಯಲ್ಲಿ ಬರಿದೆ ‘ಮೆಣಸಿನಕಾಯಿ’ ಎಂದು ಬರೆದರೆ ಕೊಳ್ಳುವವರಿಗೆ ಅನ್ಯಾಯವಾಗುತ್ತದೆ; ಆ ಕಾಯಿಯನ್ನು ಬೆಳೆದ ರೈತರಿಗೂ ಆಗುತ್ತದೆ. 2003ರಲ್ಲಿ ಜಾರಿಗೆ ಬಂದ 1999ರ ಭೌಗೋಳಿಕ ಸೂಚಕಗಳ ಕಾಯ್ದೆಯಡಿ ಮಾನ್ಯತೆ ಸಿಕ್ಕಿರುವುದು ಕಾಯಿಗೆ, ಅದನ್ನು ಹಾಕಿ ಕುಟ್ಟಿದ ಪುಡಿಗಲ್ಲ. ಎಷ್ಟು ಪಾಲು ಬ್ಯಾಡಗಿ, ಎಷ್ಟು ಪಾಲು ಗುಂಟೂರು ಎಂದು ಒಂದು ಸಾಲು ಅಚ್ಚು ಮಾಡಿಸಿದರೆ ಈ ಪುಡಿಯ ಮೇಲೆ ನನಗೆ ಯಾವ ತಕರಾರೂ ಉಳಿಯದು.

ನಂಜನಗೂಡು ರಸಬಾಳೆಯ ಜಾಮ್ ಕೂಡ ಇಟ್ಟಿದ್ದಾರೆ. ಸೊರಗು ರೋಗಕ್ಕೆ ಸಿಕ್ಕಿ ತೋಟಗಳು ಕ್ಷೀಣಿಸಿ, ಮೂಲದ ಊರಿನ ಸುತ್ತಲೇ ಅಪರೂಪವಾಗಿರುವ ಹಣ್ಣನ್ನು ಸಕ್ಕರೆಯಲ್ಲಿ ಕುದಿಸಿ, ಅದರ ನವಿರಾದ ಪರಿಮಳವನ್ನು ಕಳೆಯುವುದು ನನಗೆ ಸರಿಕಾಣಲಿಲ್ಲ. ಆ ಹಣ್ಣು ಸಿಕ್ಕರೆ ಹಾಗೆಯೇ ತಿನ್ನಬೇಕು.

ಕೊಳ್ಳುವುದಾದರೆ ಅಪ್ಪೆಮಿಡಿಯನ್ನು ಕೊಳ್ಳಿ, ಅದರಲ್ಲಿಯೂ ಸಿಗುವುದಾದರೆ ಜೀರಿಗೆಯ ವಾಸನೆಯಿರುವ ಮಿಡಿಯನ್ನೇ ಕೇಳಿ ಪಡೆಯಿರಿ. ಪ್ಲಾಸ್ಟಿಕ್ ಡಬ್ಬಿಯನ್ನೂ ತೋರಿಸುತ್ತಾರೆ, ಗಾಜಿನ ಬಾಟಲಿಯದೇ ಒಳ್ಳೆಯದು. ಮನೆಗೆ ತಂದ ಮೇಲೆ ಒದ್ದೆ ಚಮಚ ತಾಗಿಸದೆ, ಮಿಡಿಗಳು ರಸದ ಮೇಲೆ ತೇಲದಂತೆ ಆಗಾಗ ಒಣಗಿದ ಸೌಟಿನಿಂದ ಒತ್ತಿಟ್ಟರೆ ಬಹುಕಾಲ ಬಾಳುತ್ತದೆ.