ಚಿನ್ನಿಯ ಇನ್ಶೂರೆನ್ಸ್, ಏಳು ವರ್ಷದ ಮೇಲೆ: ಪಾಲಿಸಿ ಯಾರ ಹೆಸರಲ್ಲಿದೆ ನೋಡಿಕೊಳ್ಳಿ

ನಾನಿರುವುದು ಇಂಗ್ಲೆಂಡಿನಲ್ಲಿ. ನಮ್ಮ ನಾಯಿ ಚಿನ್ನಿ ಕಾಕರ್ ಸ್ಪ್ಯಾನಿಯಲ್. ಈ ತಳಿಗೆ ಕಿವಿ ಸೋಂಕು ಜಾಸ್ತಿ. ಅವಳ ಎಡಗಿವಿ ಎತ್ತಿದರೆ ಒಳಗೆಲ್ಲ ಕೆಂಪು, ಹುಳಿ ವಾಸನೆ. ರಾತ್ರಿಯಿಡೀ ತಲೆ ಒದರುತ್ತಾಳೆ. ಮರಿ ಇದ್ದಾಗಲೇ ‘ಲೈಫ್‌ಟೈಮ್’ ಪಾಲಿಸಿ ಮಾಡಿಸಿದ್ದೆವು, ಅಂದರೆ ವರ್ಷ ವರ್ಷ ನವೀಕರಿಸುತ್ತಾ ಹೋದರೆ ಮರುಕಳಿಸುವ ಕಾಯಿಲೆಗೂ ಖರ್ಚು ಕೊಡುವಂಥದ್ದು. ಕಂತು ವರ್ಷ ವರ್ಷ ಏರಿದೆ, ಆದರೆ ಕ್ಲೇಮ್ ದುಡ್ಡು ಯಾವತ್ತೂ ತಡವಾಗಿಲ್ಲ.

ಕಷ್ಟ ಶುರುವಾದದ್ದು ಗಂಡನ ಹೊಡೆತ ತಾಳಲಾರದೆ ಮನೆ ಬಿಟ್ಟಾಗ. ಅದಕ್ಕೂ ಮೊದಲು ಎರಡು ವರ್ಷ ಸಹಿಸಿಕೊಂಡಿದ್ದೆ. ಚಿನ್ನಿಯನ್ನು ಅವನ ಕೈಗೆ ಬಿಟ್ಟು ಹೇಗೆ ಹೋಗಲಿ? ನನ್ನ ಮೇಲಿನ ಸಿಟ್ಟಿಗೆ ಅವಳ ಊಟದ ಬಟ್ಟಲು ಒದೆಯುತ್ತಿದ್ದ. ಮನೆ ಬಿಟ್ಟು ಬಂದ ಹೆಣ್ಣುಮಕ್ಕಳಿಗೆ ಆಸರೆ ಕೊಡುವ ರೆಫ್ಯೂಜ್‌ಗಳಲ್ಲಿ ಹೆಚ್ಚಿನವು ನಾಯಿ ಸೇರಿಸಿಕೊಳ್ಳುವುದಿಲ್ಲ. ಕೊನೆಗೆ ನಾಯಿಗಳಿಗಾಗಿ ಕೆಲಸ ಮಾಡುವ ಸೇವಾಸಂಸ್ಥೆ ಡಾಗ್ಸ್ ಟ್ರಸ್ಟ್‌ನ ‘ಫ್ರೀಡಮ್’ ಯೋಜನೆ ಕೈಹಿಡಿಯಿತು. 2004ರಿಂದ ನಡೆಯುತ್ತಿದೆ. ನಮಗೆ ನೆಲೆ ಸಿಗುವವರೆಗೆ ನಾಯಿಯನ್ನು ಬೇರೆಯವರ ಮನೆಯಲ್ಲಿ ಪುಕ್ಕಟೆಯಾಗಿ ನೋಡಿಕೊಳ್ಳುತ್ತಾರೆ, ಎಲ್ಲಿದೆ ಅಂತ ಯಾರಿಗೂ ಹೇಳುವುದಿಲ್ಲ. ಬೆಕ್ಕಿಗಾದರೆ ಕ್ಯಾಟ್ಸ್ ಪ್ರೊಟೆಕ್ಷನ್‌ನ ‘ಲೈಫ್‌ಲೈನ್’ ಇದೆ.

ಬಾಡಿಗೆ ಮನೆ ಸಿಕ್ಕಿ ಚಿನ್ನಿ ವಾಪಸ್ ಬಂದ ವಾರವೇ ಮತ್ತೆ ಕಿವಿ. ಬಿಲ್ಲು 240 ಪೌಂಡ್. ಕ್ಲೇಮ್ ಹಾಕಲು ಕೂತೆ, ಕೈ ಓಡಲಿಲ್ಲ. ಕಂತು ಹೋಗುತ್ತಿದ್ದುದು ನನ್ನ ಸಂಬಳದಿಂದ, ಪಾಲಿಸಿ ಮಾತ್ರ ಅವನ ಹೆಸರಲ್ಲಿ. ಕ್ಲೇಮ್ ಪತ್ರ ಅವನ ಇಮೇಲಿಗೆ ಹೋಗುತ್ತದೆ, ಅದರಲ್ಲಿ ಹೊಸ ಕ್ಲಿನಿಕ್ಕಿನ ಹೆಸರು, ಊರು ಎರಡೂ ಇರುತ್ತವೆ. ಬಿಲ್ಲನ್ನು ನಾನೇ ಕಟ್ಟಿದೆ.

ಇನ್ಶೂರೆನ್ಸ್ ಕಂಪನಿಗೆ ಫೋನ್ ಮಾಡಿದರೆ, “ಪಾಲಿಸಿದಾರರೇ ಮಾತಾಡಬೇಕು” ಅಂದರು. ಹೊಸ ಪಾಲಿಸಿ ಮಾಡಿಸೋಣವೆಂದರೆ ಹಳೆಯ ಕಾಯಿಲೆಗೆ ರಕ್ಷಣೆ ಇಲ್ಲ. ಅಂದರೆ ಕಿವಿ ಲೆಕ್ಕಕ್ಕೇ ಬರುವುದಿಲ್ಲ. ಮಧ್ಯೆ ಒಂದು ಕಂತು ತಪ್ಪಿದರೆ ಇರುವುದೂ ಹೋಗುತ್ತದೆ. ಅದಕ್ಕೇ ಅವನ ಹೆಸರಿನ ಪಾಲಿಸಿಗೆ ಸುಮ್ನೆ ಕಟ್ಟುತ್ತಾ ಹೋದೆ.

ನಾಲ್ಕು ತಿಂಗಳ ನಂತರ ಲಿಖಿತ ದೂರು ಕೊಟ್ಟೆ. ದುಡ್ಡಿನ ಮೂಲಕ ಹೆಂಡತಿಯನ್ನು ಹಿಡಿತದಲ್ಲಿಡುವುದೂ 2021ರ ಡೊಮೆಸ್ಟಿಕ್ ಅಬ್ಯೂಸ್ ಕಾಯ್ದೆಯ ಪ್ರಕಾರ ದೌರ್ಜನ್ಯವೇ ಅಂತ ಬರೆದೆ. ಬ್ಯಾಂಕ್ ಸ್ಟೇಟ್‌ಮೆಂಟ್ ಲಗತ್ತಿಸಿದೆ. ಆಮೇಲೆ ಕಂಪನಿಯಲ್ಲಿ ಸಿಕ್ಕ ಹೆಣ್ಣುಮಗಳು ಪೂರ್ತಿ ಕೇಳಿಸಿಕೊಂಡಳು. ಹಳೆಯ ರಕ್ಷಣೆ ಕಡಿಯದೆ ಪಾಲಿಸಿಯನ್ನು ನನ್ನ ಹೆಸರಿಗೆ ಮಾಡಿಕೊಟ್ಟಳು. “ಈ ವಿಳಾಸ ಯಾರಿಗೂ ತೋರಿಸಬಾರದು” ಅಂತ ಖಾತೆಯಲ್ಲಿ ಗುರುತು ಹಾಕಿದಳು. ಮೊದಲ ದಿನವೇ ಆಗಬಹುದಿತ್ತಲ್ವಾ?

ನೀವೂ ಇಂಥ ಮನೆಯಲ್ಲಿದ್ದರೆ, ಹೊರಡುವ ಮೊದಲೇ ಪಾಲಿಸಿಯಲ್ಲಿ, ನಾಯಿಯ ಚರ್ಮದಡಿಯ ಗುರುತಿನ ಮೈಕ್ರೊಚಿಪ್‌ನ ದಾಖಲೆಯಲ್ಲಿ ಯಾರ ಹೆಸರಿದೆ ನೋಡಿ. ವೆಟ್ ಬಿಲ್ಲುಗಳ ಫೋಟೊ ತೆಗೆದಿಟ್ಟುಕೊಳ್ಳಿ. ಮನೆಯೊಳಗಿನ ದೌರ್ಜನ್ಯಕ್ಕೆ ಸಿಕ್ಕವರಿಗಾಗಿ ಇರುವ ನ್ಯಾಷನಲ್ ಡೊಮೆಸ್ಟಿಕ್ ಅಬ್ಯೂಸ್ ಹೆಲ್ಪ್‌ಲೈನ್, 0808 2000 247ಕ್ಕೆ ಹಗಲು ರಾತ್ರಿ ಯಾವಾಗ ಬೇಕಾದರೂ ಪುಕ್ಕಟೆ ಫೋನ್ ಮಾಡಬಹುದು.

ಚಿಕಿತ್ಸೆಯ ಖರ್ಚು ಕೊಟ್ಟದ್ದಕ್ಕೆ ಐದಕ್ಕೆ ನಾಲ್ಕು ಸ್ಟಾರ್. ಆ ನಾಲ್ಕು ತಿಂಗಳಿಗೆ ಒಂದೇ.