ಬಚ್ಚಲದಾಗಿನ ಇರವಿಗೆ ಬೋರಿಕ್ ಪೌಡರ್, ನಾ ಹಚ್ಚಿ ನೋಡೀನಿ

ನಮ್ಮನಿ ವಿಜಯಪುರದಾಗ, ಹಳೇ ಮನಿ. ಮಾರ್ಚ್ ಬಂತಂದ್ರ ಸಾಕು, ಸಣ್ಣ ಹಳದಿ ಇರವಿ ಗೀಜರ್ ಪೈಪಿನ ತೂತಿನಿಂದ ಇಳದು ಸೋಪಿನ ಡಬ್ಬಿ ಮಟ ಸಾಲ ಹಿಡಿತಾವ. ಬಚ್ಚಲದಾಗ ಸಕ್ರಿ ಇಲ್ಲ ಬೆಲ್ಲ ಇಲ್ಲ, ಯಾಕ ಬರ್ತಾವ ಅಂತ ಭಾಳ ಮಂದಿ ಕೇಳ್ತಾರ. ನೀರಿಗೆ ಬರ್ತಾವ್ರಿ, ನಮ್ಮ ಕಡೆ ಬ್ಯಾಸಿಗ್ಯಾಗ ಹೊರಗ ಹನಿ ನೀರ ಇರಂಗಿಲ್ಲ, ಬಚ್ಚಲ ಮಾತ್ರ ಯಾವಾಗ್ಲೂ ಹಸಿ. ಒಂದಿನ ಮಗಳು ಬ್ರಷ್ ಬಾಯಾಗ ಇಟ್ಕೊಂಡಕಿ ಥೂ ಅಂತ ಉಗುಳಿ ಅಳಾಕ ಹತ್ತಿದ್ಲು, ಬ್ರಷ್ ತುಂಬ ಇರವಿ. ಅವತ್ತ ನನಗ ತಡೀಲಿಲ್ಲ.

ಮೊದ್ಲ ಔಷಧ ಹೊಡಿಯೋರನ್ನ ಕರಸಿದ್ವಿ, 900 ರೂಪಾಯಿ ತಗೊಂಡ್ರು. ನಾಕ ದಿನ ಆರಾಮ, ಐದನೇ ದಿನಕ್ಕ ಗೀಜರ್ ಕಡೆ ಒಂದು, ಬಾಗಲ ಚೌಕಟ್ಟಿನ್ಯಾಗ ಒಂದು, ಮೋರಿ ಜಾಳಗಿಯಿಂದ ಒಂದು, ಹಿಂಗ ಒಂದ ಸಾಲ ಇದ್ದದ್ದು ಮೂರ ಆತು. ಈ ಜಾತಿ ಇರವಿ ಗೂಡಿನ್ಯಾಗ ರಾಣಿ ಭಾಳ ಇರ್ತಾವಂತ, ಮ್ಯಾಲಿಂದ ಸ್ಪ್ರೇ ಹೊಡದ್ರ ಗೂಡ ಒಡದು ಬ್ಯಾರೆ ಬ್ಯಾರೆ ಕಡೆ ಸಂಸಾರ ಹೂಡ್ತಾವ.

ಆಮ್ಯಾಲ ಗಾಂಧಿ ಚೌಕ ಕಡೆ ಒಂದ ಮೆಡಿಕಲ್ ಶಾಪ್‌ನ್ಯಾಗ ಬೋರಿಕ್ ಪೌಡರ್ ತಂದೆ, ಸಣ್ಣ ಡಬ್ಬಿ. ಮೊದಲನೇ ಸಲ ಜೋರ ಇರಲಿ ಅಂತ ಸಕ್ರಿ ನೀರಿಗೆ ಒಂದ ಚಮಚ ತುಂಬ ಹಾಕಿ, ಬಾಟಲಿ ಮುಚ್ಚಳದಾಗ ಇಟ್ಟೆ, ಅದ ತಪ್ಪಾತು, ತಿಂದ ಇರವಿ ಅಲ್ಲೇ ಮುಚ್ಚಳದ ಸುತ್ತ ಸತ್ತು ಬಿದ್ವು, ಗೂಡಿಗೆ ಏನೂ ಮುಟ್ಟಲಿಲ್ಲ. ಔಷಧ ಮೆಲ್ಲಗ ಕೆಲಸ ಮಾಡಬೇಕು, ತಿಂದದ್ದು ಮನಿಗೆ ಹೋಗಿ ರಾಣಿಗೆ, ಮರಿಗೆ ಬಾಯಿಂದ ಬಾಯಿಗೆ ಉಣಸಬೇಕು, ಆಗ ಗೂಡ ಹೋಗ್ತೈತಿ. ಹಂಗಾಗಿ ಎರಡನೇ ಸಲ 100 ಎಂಎಲ್ ಬೆಚ್ಚನ ನೀರಿಗೆ ಎರಡ ಚಮಚ ಸಕ್ರಿ, ಬೋರಿಕ್ ಬರೇ 1 ಗ್ರಾಂ, ಅಂದ್ರ ಕಾಲ ಚಮಚ. ಬಾಟಲಿ ಮುಚ್ಚಳದಾಗ ಅರಳಿ (ಹತ್ತಿ) ಇಟ್ಟು ಅದರ ಮ್ಯಾಲ ಹನಿಸಿ, ಸಾಲಿನ ಪಕ್ಕಕ್ಕ ಇಟ್ಟೆ.

ಒಂದ ತಾಸಿನ್ಯಾಗ ಅಂಚಿನ ತುಂಬ ಸಾಸಿವಿ ಮೆತ್ತಿದಂಗ ಕೂತು ಕುಡಿಯಾಕ ಹತ್ತಿದ್ವು, ಬಗ್ಗಿ ನೋಡಿದ್ರ ಹೊಟ್ಟಿ ಉಬ್ಬಿ ಗಾಜಿನಂಗ ಕಾಣ್ತಿತ್ತು. ನಮ್ಮತ್ತಿ ಫಿನೈಲ್ ಹಿಡ್ಕೊಂಡೇ ಬಂದ್ರು. "ಅತ್ತಿ, ಕೈ ಮುಗಿತೀನಿ, ಎರಡ ದಿನ ತಡೀರಿ, ಸಾಲ ಒರಸಬ್ಯಾಡ್ರಿ" ಅಂದೆ, ಯಾಕಂದ್ರ ಆ ವಾಸನಿ ಹಿಡದೇ ಉಳದವು ಬರ್ತಾವ, ಫಿನೈಲ್ ಹಾಕಿದ್ರ ದಾರಿ ತಪ್ಪಿ ಬ್ಯಾರೆ ಕಡೆ ಹೊಂಡ್ತಾವ. ಮೂರ ದಿನಕ್ಕೊಮ್ಮೆ ಹೊಸಾದು ಹನಸ್ತಿದ್ದೆ. ಹತ್ತನೇ ದಿನಕ್ಕ ಅರ್ಧ ಆದ್ವು, ಮೂರ ವಾರಕ್ಕ ಒಂದೂ ಇಲ್ಲ.

ಸಣ್ಣ ಹುಡುಗ್ರ ಇದ್ದವರು ಮಾತ್ರ ಹುಷಾರ್ ಇರ್ರಿ, ಇದು ಹೊಟ್ಟಿಗೆ ಹೋದ್ರ ವಿಷ, ಮ್ಯಾಲ ಸಕ್ರಿ ಹಾಕಿದ್ದಕ್ಕ ಸಿಹಿ ಅಂತ ಹುಡುಗ್ರು ಬಾಯಿಗೆ ಹಾಕ್ಕೋಬಹುದು. ನಾ ಮುಚ್ಚಳ ಕಮೋಡಿನ ಹಿಂದ ಇಟ್ಟು, ಮ್ಯಾಲ ತೂತ ಮಾಡಿದ ಐಸ್‌ಕ್ರೀಮ್ ಡಬ್ಬಿ ಬೋರಲ ಹಾಕಿ ಟೇಪ್ ಹಚ್ಚಿದ್ದೆ. ಉಳದ ನೀರಿನ ಬಾಟಲಿ ಮ್ಯಾಲ ದೊಡ್ಡ ಅಕ್ಷರದಾಗ ವಿಷ ಅಂತ ಬರದು ಅಟ್ಟದ ಮ್ಯಾಲ ಇಟ್ಟೀನಿ.

ನನ್ನ ಕಡೆಯಿಂದ 5ಕ್ಕ 4. ಒಂದ ಮಾರ್ಕ್ಸ್ ಆ ಮಕ್ಕಳ ಅಂಜಿಕಿಗೆ ಕಳದೀನಿ, ನಿಧಾನಕ್ಕಲ್ಲ. ಗೀಜರ್ ಪೈಪಿನ ತೂತಿಗೆ ವೈಟ್ ಸಿಮೆಂಟ್ ಇರವಿ ಪೂರಾ ಹೋದಮ್ಯಾಲನ ಬಡದೀನಿ, ಮೊದ್ಲ ಬಡದ್ರ ಇನ್ನೊಂದ ಸಂದಿ ಹುಡಿಕ್ಕೋತಾವ.